ಡಾಕ್ಟರೋ, ಇಂಜಿನಿಯರೋ?

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ಮೇಲೆ ಒಂದೆರಡು ವಾರ ಮಂಡ್ಯದಲ್ಲಿ ಕಬ್ಬಿನ ದರದ ಮಾತು ಕೂಡ ಹಿಂದೆ ಸರಿಯುತ್ತದೆ. ಒಂದು ಕಾಲಕ್ಕೆ ಬೇರೆ ಊರಾಗಿದ್ದು ಈಗ ನಗರದೊಡನೆ ಕೂಡಿಹೋಗಿರುವ ಗುತ್ತಲಿನ ಅಂಗಡಿ ಜಗಲಿಯಲ್ಲಾಗಲಿ, ಮದುವೆಯ ಊಟದ ಪಂಕ್ತಿಯಲ್ಲಾಗಲಿ ಕಿವಿಗೆ ಬೀಳುವ ಪ್ರಶ್ನೆ ಒಂದೇ: ಮಗುವನ್ನು ಡಾಕ್ಟರಿಕೆಗೆ ಹಾಕುವುದೋ, ಇಂಜಿನಿಯರಿಂಗಿಗೆ ಹಾಕುವುದೋ? ಕನ್ನಡ ಪಾಠ ಹೇಳುವ ನನ್ನನ್ನೂ ಈ ಪ್ರಶ್ನೆ ಬಿಟ್ಟಿಲ್ಲ. ನನ್ನ ವಿಷಯದ ಅಂಕ ಎರಡು ದಾರಿಗೂ ಲೆಕ್ಕಕ್ಕೆ ಬಾರದ್ದು. ಆದಕಾರಣ ಈ ಮನುಷ್ಯ ಪಕ್ಷಪಾತವಿಲ್ಲದೆ ಹೇಳಿಯಾನು ಎಂಬ ನಂಬಿಕೆಯೋ ಏನೋ! “ಮೇಷ್ಟ್ರೇ, ಎರಡರಲ್ಲಿ ಯಾವುದು ದೊಡ್ಡದು, ನೀವೇ ಹೇಳಿಬಿಡಿ” ಎಂದು ತಾಯಿತಂದೆಗಳು ಕೇಳುತ್ತಾರೆ.

ಯಾವುದು ದೊಡ್ಡದು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೆ ಹೇಗೆ ಬಂದಿತು ಎಂಬುದಕ್ಕೆ ಒಂದು ಚರಿತ್ರೆ ಉಂಟು. ಅದನ್ನು ತಿಳಿದರೆ ಉತ್ತರ ಸುಲಭವಾಗದಿದ್ದರೂ ಗಾಬರಿ ಕಡಿಮೆಯಾದೀತು.

ಹತ್ತೊಂಬತ್ತನೆಯ ಶತಮಾನದ ಮೈಸೂರು ಸೀಮೆಯಲ್ಲಿ ಇಂಜಿನಿಯರಿಂಗ್ ಪದವಿಯೂ ದೊರೆಯುತ್ತಿರಲಿಲ್ಲ, ವೈದ್ಯ ಪದವಿಯೂ ದೊರೆಯುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋಗಿ ಇಂಜಿನಿಯರಾದರು. ಡಾಕ್ಟರಾಗಬೇಕೆಂದವರು ಮದರಾಸು, ಮುಂಬಯಿಗಳ ಕಡೆ ನೋಡಬೇಕಾಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಮರುವರ್ಷ, 1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ವೈದ್ಯಕೀಯ ಕಾಲೇಜು ಬಂದದ್ದು 1924ರಲ್ಲಿ; ಅದೂ ಮೊದಲು ಬೆಂಗಳೂರಿನಲ್ಲಿದ್ದು 1930ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. ನಮ್ಮ ಸೀಮೆಯಲ್ಲಿ ಇಂಜಿನಿಯರನ ಬಾಗಿಲು ಮೊದಲು, ಡಾಕ್ಟರನ ಬಾಗಿಲು ಆಮೇಲೆ. ಈ ಕ್ರಮ ಮಂಡ್ಯದಲ್ಲಿಯೂ ಮರಳಿ ಕಾಣಿಸುತ್ತದೆ.

ಮಂಡ್ಯದ ರೈತನಿಗೆ ‘ಇಂಜಿನಿಯರು’ ಎಂಬ ಮಾತು ಪುಸ್ತಕದಿಂದ ಬಂದದ್ದಲ್ಲ, ನೀರಿನೊಡನೆ ಹರಿದು ಬಂದದ್ದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. ಹುಲಿಕೆರೆಯ ಬಳಿ ಗುಡ್ಡದೊಳಗೆ ಸುರಂಗ ಕೊರೆದು ತಂದ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ರಾಗಿ ಜೋಳದ ಹೊಲಗಳನ್ನು ಬತ್ತದ ಗದ್ದೆಯಾಗಿ, ಕಬ್ಬಿನ ತೋಟವಾಗಿ ಮಾಡಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅದಕ್ಕಾಗಿ ಪಟ್ಟ ಶ್ರಮವನ್ನು ಮಂಡ್ಯದವರು ಇಂದಿಗೂ ನೆನೆಯುತ್ತಾರೆ. 1939ರಲ್ಲಿ ಮಂಡ್ಯ ಒಂದು ಜಿಲ್ಲೆಯೇ ಆಯಿತು. ನೀರು ತಂದವನು ಇಂಜಿನಿಯರು. ಆದ್ದರಿಂದ ಮಗನೂ ಇಂಜಿನಿಯರಾಗಲಿ ಎಂದು ರೈತ ಹಂಬಲಿಸಿದರೆ ಅದರಲ್ಲಿ ಅಚ್ಚರಿಯೇನು?

ಆದರೆ ನೀರಿನೊಡನೆ ಇನ್ನೊಂದೂ ಬಂದಿತು: ಮಲೇರಿಯಾ ಎಂಬ ಚಳಿಜ್ವರ. ಅನಾಫಿಲಿಸ್ ಸೊಳ್ಳೆಗೆ ನಿಧಾನವಾಗಿ ಹರಿಯುವ ನಾಲೆ, ಜಿನುಗಿ ನಿಂತ ನೀರು, ಹೊಸ ಗದ್ದೆಬಯಲು ಇವೆಲ್ಲ ತೊಟ್ಟಿಲಿದ್ದಂತೆ. ಕಾಲುವೆಯ ಊರುಗಳಲ್ಲಿ ಬೆಳೆಯ ಜತೆಗೆ ಜ್ವರವೂ ಬೆಳೆಯಿತು. ಮೈಸೂರು ಸರ್ಕಾರ ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಈ ಪ್ರದೇಶದಲ್ಲಿ ಮಲೇರಿಯಾ ಕುರಿತು ಅಧ್ಯಯನ ನಡೆಸಿ ನಿಯಂತ್ರಣದ ಕೆಲಸ ಕೈಗೊಂಡಿತು. ಜ್ವರದ ಮೂಲ ಹುಡುಕುವವನು ಡಾಕ್ಟರು. ಆದರೆ ನಿಂತ ನೀರನ್ನು ಹೊರಗೆ ಹಾಯಿಸುವ ಬಸಿಗಾಲುವೆ ತೋಡಿಸುವವನು ಇಂಜಿನಿಯರು. ಒಬ್ಬನ ವಿದ್ಯೆಯಿಂದ ಹುಟ್ಟಿದ ತೊಡಕನ್ನು ಇನ್ನೊಬ್ಬ ಕಂಡುಹಿಡಿಯಬೇಕು. ಕಂಡುಹಿಡಿದವನು ಪರಿಹಾರಕ್ಕೆ ಮತ್ತೆ ಮೊದಲಿನವನ ಬಳಿಗೇ ಹೋಗಬೇಕು. ಇವೆರಡು ವೃತ್ತಿಗಳನ್ನು ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗುವ ನಾವು ಈ ಸಂಗತಿಯನ್ನು ಮರೆತಿದ್ದೇವೆ.

ನೀರು ಎಲ್ಲ ಊರಿಗೂ ಬರಲಿಲ್ಲ. ಸ್ಕಾರ್ಲೆಟ್ ಎಪ್ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿದ್ದು, ಅವಕ್ಕೆ ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳನ್ನಿಟ್ಟು, 1962ರಲ್ಲಿ ಪುಸ್ತಕ ಪ್ರಕಟಿಸಿದರು. ನಾಲೆಯ ನೀರು ಕಂಡ ವಂಗಲ ಬೇಸಾಯವನ್ನೇ ನೆಚ್ಚಿಕೊಂಡು ಹಳೆಯ ಕಟ್ಟುಪಾಡಿನಲ್ಲಿಯೇ ಉಳಿಯಿತು. ನೀರು ಸಿಕ್ಕದ ದಲೇನದ ಜನ ಮಂಡ್ಯ ಪೇಟೆಯ ಕೆಲಸ, ವ್ಯಾಪಾರಗಳನ್ನು ಹುಡುಕಿಕೊಂಡು ಹೊರಟರು; ಹೆಚ್ಚು ಬದಲಾದವರು ಅವರೇ. ವೃತ್ತಿಯ ಆಯ್ಕೆಯನ್ನು ನಾವು ಮಗುವಿನ ಅಭಿರುಚಿಯೆಂದು ಎಣಿಸುತ್ತೇವೆ. ಹೊಲಕ್ಕೆ ನೀರು ಬಂದಿತೋ ಇಲ್ಲವೋ ಎಂಬುದೂ ಅದರ ಹಿಂದೆ ನಿಂತಿರುತ್ತದೆ.

ಅದೇ 1962 ಇನ್ನೆರಡು ಕಾರಣಗಳಿಂದ ಮಂಡ್ಯಕ್ಕೆ ಮುಖ್ಯವಾದ ವರ್ಷ. ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ತೀರಿಕೊಂಡರು. ಆ ವರ್ಷವೇ ಕೆ. ವಿ. ಶಂಕರೇಗೌಡರ ಮುಂದಾಳುತನದ ಜನತಾ ಶಿಕ್ಷಣ ಟ್ರಸ್ಟ್ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ರೈತರ ಮಕ್ಕಳು ಮನೆಯ ಮುದ್ದೆ ಉಂಡು ಕಾಲೇಜಿಗೆ ಹೋಗಿ ಇಂಜಿನಿಯರಾಗುವ ಅನುಕೂಲ ಒದಗಿತು. ವೈದ್ಯಕೀಯಕ್ಕೆ ಆ ಅನುಕೂಲ ಬಹಳ ಕಾಲ ಬರಲಿಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಲ್ಲಿ ಆದಿಚುಂಚನಗಿರಿ ಮಠದ ಕಾಲೇಜು ಬಂದದ್ದು 1986ರಲ್ಲಿ. ಮಂಡ್ಯ ಪಟ್ಟಣದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2006ರಲ್ಲಿ. ನಡುವೆ 44 ವರ್ಷಗಳ ಅಂತರ. ಇಂಜಿನಿಯರಿಂಗ್ ಕಾಲೇಜಿಗೆ ಕಟ್ಟಡ, ಯಂತ್ರಶಾಲೆ, ಅಧ್ಯಾಪಕರು ಸಾಕು. ವೈದ್ಯಕೀಯ ಕಾಲೇಜಿಗೆ ಇವುಗಳ ಮೇಲೆ ನೂರಾರು ಹಾಸಿಗೆಗಳ ಆಸ್ಪತ್ರೆಯೂ ಬೇಕು. ಎರಡು ತಲೆಮಾರಿನ ಮಂಡ್ಯದ ಹುಡುಗರು ಇಂಜಿನಿಯರಿಂಗ್ ಆರಿಸಿಕೊಂಡರು ಎನ್ನುವುದಕ್ಕಿಂತ, ಹತ್ತಿರವಿದ್ದ ಬಾಗಿಲನ್ನು ಹೊಕ್ಕರು ಎನ್ನುವುದು ಹೆಚ್ಚು ಸರಿ.

ಬಾಗಿಲ ಬಳಿ ಹಣದ ಮಾತೂ ಇತ್ತು. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ನಮ್ಮ ನಾಡಿನಲ್ಲಿ ಅಂಥ ಕಾಲೇಜುಗಳು ಬೆಳೆದವು. ‘ಕ್ಯಾಪಿಟೇಷನ್’ ಎಂಬ ಮಾತು ಹಳ್ಳಿಯವರ ಬಾಯಿಗೂ ಬಂದಿತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯಿದೆ ಆಯಿತು. 1992ರ ಮೋಹಿನಿ ಜೈನ್ ಮೊಕದ್ದಮೆಯಲ್ಲಿ, ಮರುವರ್ಷದ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ವಿಚಾರಿಸಿತು. 1994ರಿಂದ ರಾಜ್ಯದಲ್ಲಿ ಸಿ.ಇ.ಟಿ. ಬಂದಿತು. ಒಂದೇ ಪರೀಕ್ಷೆಯಿಂದ ಇಂಜಿನಿಯರಿಂಗಿಗೆ ಒಂದು ಸ್ಥಾನ, ವೈದ್ಯಕೀಯಕ್ಕೆ ಒಂದು ಸ್ಥಾನ. ಗಣಿತ, ಜೀವಶಾಸ್ತ್ರ ಎರಡನ್ನೂ ಓದಿದ ಪಿ.ಸಿ.ಎಂ.ಬಿ. ಹುಡುಗಿ ಎರಡು ಸ್ಥಾನಗಳನ್ನೂ ಕೈಯಲ್ಲಿ ಹಿಡಿದು, ಮನೆಯವರೊಡನೆ ಕುಳಿತು ಯೋಚಿಸಬಹುದಾಗಿತ್ತು. 2017ರಿಂದ ನಮ್ಮ ರಾಜ್ಯದ ವೈದ್ಯಕೀಯ ಸೀಟುಗಳಿಗೆಲ್ಲ ನೀಟ್ ಒಂದೇ ದಾರಿ, ಇಂಜಿನಿಯರಿಂಗಿಗೆ ಸಿ.ಇ.ಟಿ. ಉಳಿಯಿತು. ಪರೀಕ್ಷೆ ಎರಡಾದದ್ದರಿಂದ ತಯಾರಿಯೂ ಎರಡಾಯಿತು. ಮೊದಲು ಪರೀಕ್ಷೆಯ ನಂತರ ಮಾಡುತ್ತಿದ್ದ ಆಯ್ಕೆಯನ್ನು ಈಗ ಪರೀಕ್ಷೆಗೆ ಎರಡು ವರ್ಷ ಮುಂಚೆ, ಹತ್ತನೆಯ ತರಗತಿ ಮುಗಿಸಿದ ಮಗುವಿನಿಂದ ಕೇಳುತ್ತಿದ್ದೇವೆ. ಈ ಬದಲಾವಣೆ ಸದ್ದಿಲ್ಲದೆ ಆದದ್ದು. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತರುವುದೂ ಇದೇ.

‘ಇಂಜಿನಿಯರು’ ಎಂಬ ಮಾತಿನ ಅರ್ಥವೂ ಬದಲಾಗಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ನಂತರದ ವರ್ಷಗಳಲ್ಲಿ ಅದು ನಾಲೆ, ಸೇತುವೆಗಳ ಅರ್ಥವನ್ನು ಬಿಟ್ಟು ಕಂಪ್ಯೂಟರಿನ ಅರ್ಥವನ್ನು ಪಡೆಯಿತು. ಮಂಡ್ಯದಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರು. ನಾಲ್ಕು ವರ್ಷ ಓದಿದ ಹುಡುಗ ಇಪ್ಪತ್ತೆರಡಕ್ಕೆ ಸಂಬಳ ತರಬಹುದು. ಕೆಲಸ ಹೋಗುವ ಭಯವೂ ಅದರೊಡನೆ ಉಂಟು. ಡಾಕ್ಟರಾಗುವವಳಿಗೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಆಸ್ಪತ್ರೆ ತರಬೇತಿ, ಮೇಲೆ ಉನ್ನತ ವ್ಯಾಸಂಗಕ್ಕೆ ಮೂರು ವರ್ಷ. ಮೂವತ್ತರ ಹತ್ತಿರ ಬಂದಿರುತ್ತಾಳೆ. ಎರಡು ಎಕರೆಯ ಮನೆ ಅಷ್ಟು ಕಾಲ ಕಾಯಬಲ್ಲುದೆ? ಇದು ಪ್ರತಿಷ್ಠೆಯ ಪ್ರಶ್ನೆಯಲ್ಲ, ಅಡಿಗೆಮನೆಯ ಲೆಕ್ಕ. ಈ ಲೆಕ್ಕವನ್ನು ಮಗುವಿನಿಂದ ಮುಚ್ಚಿಡದೆ ಅದರ ಮುಂದೆಯೇ ಮಾಡುವುದು ಲೇಸು.

ಕೇಳಿದವರಿಗೆ ನಾನು ಹೇಳುವುದು ಇಷ್ಟು. ಮನಸ್ಸು ಗಟ್ಟಿಯಾಗದ ಮಗು ಎರಡು ವಿಷಯಗಳನ್ನೂ ಓದಲಿ; ಹೊರೆ ಹೆಚ್ಚಾದರೂ ಎರಡು ವರ್ಷದ ಬಿಡುವು ಸಿಕ್ಕೀತು. ಆ ಬಿಡುವಿನಲ್ಲಿ ಒಂದು ಬೆಳಿಗ್ಗೆ ಅವಳನ್ನು ಜಿಲ್ಲಾ ಆಸ್ಪತ್ರೆಯ ಹೊರರೋಗಿಗಳ ಸಾಲಿನ ಬಳಿ ಕೂರಿಸಿ. ಇನ್ನೊಂದು ದಿನ ಕನ್ನಂಬಾಡಿಗೆ ಕರೆದುಕೊಂಡು ಹೋಗಿ. ಉದ್ಯಾನ ನೋಡುವುದಕ್ಕಲ್ಲ, ನಾಲೆಯ ತೂಬು ನೋಡುವುದಕ್ಕೆ. ಕಂಪ್ಯೂಟರಿನ ಮುಂದೆ ದುಡಿಯುವ ನೆಂಟರಿದ್ದರೆ ಅವರ ಒಂದು ದಿನದ ಕೆಲಸ ಹೇಗಿರುತ್ತದೆಂದು ಅವಳೇ ಕೇಳಿ ತಿಳಿಯಲಿ. ಆಮೇಲೆ ಅವಳು ಹೇಳುವ ಮಾತಿಗೆ, ನೆರೆಮನೆಯವರ ಮಾತಿಗಿಂತ ಹೆಚ್ಚಿನ ಬೆಲೆ ಕೊಡಿ.