ಗಂಡಸಿನ ನಡುವಯಸ್ಸೂ ಒಂದು ಗ್ರಂಥಿಯ ಕಥೆಯೂ

1889ರ ಜೂನ್ 1ರಂದು ಪ್ಯಾರಿಸ್‌ನ ಜೀವವಿಜ್ಞಾನ ಸಂಘದ ಸಭೆಯಲ್ಲಿ ಮಾತನಾಡಲು ಎದ್ದು ನಿಂತ ಪ್ರೊಫೆಸರರಿಗೆ ಆಗ 72 ವರ್ಷ. ಮಾರಿಷಸ್‌ನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರು ಮಾಡಿದ ಬ್ರೌನ್-ಸೆಕಾರ್ ಸಾಮಾನ್ಯ ವಿಜ್ಞಾನಿಯೇನಲ್ಲ. ಬೆನ್ನುಹುರಿಯ ಒಂದು ಬಗೆಯ ಪೆಟ್ಟನ್ನು ವೈದ್ಯರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಅಡ್ರಿನಲ್ ಗ್ರಂಥಿಗಳಿಲ್ಲದೆ ಪ್ರಾಣಿ ಬದುಕದು ಎಂದು 1856ರಷ್ಟು ಹಿಂದೆಯೇ ತೋರಿಸಿದ್ದವನು. ಅಂಥವನು ಅಂದು ಹೇಳಿದ್ದೇನು? ನಾಯಿ ಮತ್ತು ಗಿನಿ ಇಲಿಗಳ ವೃಷಣಗಳನ್ನು ಅರೆದು, ನೀರು ಬೆರೆಸಿ, ಸೋಸಿ, ಆ ರಸವನ್ನು ತನ್ನ ಮೈಗೇ ಚುಚ್ಚಿಕೊಂಡಿರುವುದಾಗಿ!

ಪರಿಣಾಮವನ್ನೂ ಅವನು ಲೆಕ್ಕ ಒಪ್ಪಿಸುವವನಂತೆ ವಿವರಿಸಿದ. ಪ್ರಯೋಗಾಲಯದಲ್ಲಿ ಅರ್ಧ ಗಂಟೆ ನಿಂತರೆ ಕೂತುಬಿಡಬೇಕಾಗುತ್ತಿದ್ದವನು ಈಗ ಗಂಟೆಗಟ್ಟಲೆ ನಿಲ್ಲಬಲ್ಲ. ಮೆಟ್ಟಿಲುಗಳನ್ನು ಓಡುತ್ತಾ ಹತ್ತಬಲ್ಲ. ಮುಂಗೈಯ ಬಲ ಹೆಚ್ಚಿದ್ದನ್ನು ಉಪಕರಣದಿಂದ ಅಳೆದು ನೋಡಿದ್ದ. ಮಲಬದ್ಧತೆ ಕೂಡ ದೂರವಾಗಿತ್ತಂತೆ. ಸುದ್ದಿ ಪತ್ರಿಕೆಗಳಿಗೆ ಹಬ್ಬಿದ್ದೇ ತಡ, ಯುರೋಪು ಅಮೆರಿಕಗಳ ವೈದ್ಯರು ಈ 'ಸಂಜೀವಿನಿ'ಯನ್ನು ರೋಗಿಗಳಿಗೆ ಚುಚ್ಚತೊಡಗಿದರು.

ಆದರೆ ಆ ರಸದಲ್ಲಿ ಇದ್ದದ್ದು ಬಹುಪಾಲು ನೀರೇ. ವೃಷಣಗಳು ಗಂಡು ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆಯೇ ಹೊರತು ಕೂಡಿಟ್ಟುಕೊಳ್ಳುವುದಿಲ್ಲ. ಮೇಲಾಗಿ ಅದು ಕೊಬ್ಬಿನಲ್ಲಿ ಕರಗುವ ವಸ್ತು, ನೀರಿನಲ್ಲಿ ಕರಗುವುದು ತೀರಾ ಕಡಿಮೆ. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅವನದೇ ವಿಧಾನದಲ್ಲಿ ರಸ ತೆಗೆದು ಅಳೆದಾಗ, ದೇಹದ ಮೇಲೆ ಪರಿಣಾಮ ಬೀರುವಷ್ಟು ಹಾರ್ಮೋನು ಅದರಲ್ಲಿರಲಿಲ್ಲ. ಹಾಗಾದರೆ ಆ ಮುದುಕ ಮೆಟ್ಟಿಲು ಹತ್ತಿದ್ದು? ಸುಳ್ಳು ಹೇಳುವ ಮನುಷ್ಯ ಅವನಲ್ಲ. ಅವನನ್ನು ಹತ್ತಿಸಿದ್ದು ನಂಬಿಕೆ.

ನಂಬಿಕೆಗೆ ಬುಡವೇ ಇರಲಿಲ್ಲ ಎನ್ನುವಂತೆಯೂ ಇಲ್ಲ. 1849ರಲ್ಲಿ ಜರ್ಮನಿಯ ಗೋಟಿಂಗೆನ್‌ನಲ್ಲಿ ಬರ್ತೋಲ್ಡ್ ಎಂಬಾತ ಹುಂಜಗಳ ಮೇಲೆ ಪ್ರಯೋಗ ನಡೆಸಿದ್ದ. ವೃಷಣ ತೆಗೆದ ಹುಂಜ ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟಿತು, ಅದರ ಜುಟ್ಟು ಮುದುಡಿತು. ಅದೇ ವೃಷಣವನ್ನು ಹೊಟ್ಟೆಯೊಳಗೆ ಇಟ್ಟು ಹೊಲಿದಾಗ ಹುಂಜ ಹುಂಜವಾಗಿಯೇ ಉಳಿಯಿತು. ಗ್ರಂಥಿಯಿಂದ ರಕ್ತಕ್ಕೆ ಏನೋ ಸೇರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಆ 'ಏನೋ' ಕಡಿಮೆಯಾದದ್ದರಿಂದಲೇ ಗಂಡಸು ಸೊರಗುತ್ತಾನೆ, ತುಂಬಿಕೊಟ್ಟರೆ ಮತ್ತೆ ಚಿಗುರುತ್ತಾನೆ ಎಂಬುದು ಮಾತ್ರ ಅವಸರದ ತೀರ್ಮಾನವಾಗಿತ್ತು.

ವಿಯೆನ್ನಾದ ಸ್ಟೈನಾಕ್ ಇನ್ನೊಂದು ದಾರಿ ಹಿಡಿದ. ವೀರ್ಯನಾಳವನ್ನು ಕಟ್ಟಿಬಿಟ್ಟರೆ ವೀರ್ಯಾಣು ತಯಾರಿಸುವ ಅಂಗಾಂಶ ಕುಗ್ಗಿ, ಹಾರ್ಮೋನು ಸ್ರವಿಸುವ ಜೀವಕೋಶಗಳು ಹೆಚ್ಚುತ್ತವೆ, ಯೌವನ ಮರಳುತ್ತದೆ ಎಂಬುದು ಅವನ ವಾದ. ಮನಸ್ಸಿನ ಮೂಲೆಮೂಲೆಗಳನ್ನು ಶೋಧಿಸಿದ ಸಿಗ್ಮಂಡ್ ಫ್ರಾಯ್ಡ್ ಕೂಡ 1923ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ದವಡೆಯ ಕ್ಯಾನ್ಸರ್ ಮರುಕಳಿಸದಿರಲೆಂಬ ಆಸೆಯಿಂದ ಈ ಶಸ್ತ್ರಚಿಕಿತ್ಸೆಗೆ ಒಳಗಾದ. 1934ರಲ್ಲಿ ಐರಿಷ್ ಕವಿ ಯೇಟ್ಸ್‌ನ ಸರದಿ. ತನಗೆ ಎರಡನೇ ಹರೆಯ ಬಂದಿದೆ ಎಂದೇ ಅವನು ಬಣ್ಣಿಸಿಕೊಂಡ. 1939ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಅವನ ಲೇಖನಿಗೆ ಬಿಡುವಿರಲಿಲ್ಲ ಎಂಬುದೂ ನಿಜ.

ಇಲ್ಲೊಂದು ತಮಾಷೆಯಿದೆ. ಸ್ಟೈನಾಕ್‌ನ ಶಸ್ತ್ರಚಿಕಿತ್ಸೆ ನಮ್ಮ ಊರುಗಳ ಕುಟುಂಬ ಯೋಜನಾ ಶಿಬಿರಗಳಲ್ಲಿ ನಡೆದ 'ಗಂಡಸರ ಆಪರೇಷನ್' ಅಲ್ಲದೆ ಬೇರೇನಲ್ಲ. ಅಲ್ಲಿ ಶ್ರೀಮಂತರು ಗಂಡಸುತನ ಮರಳಿ ಪಡೆಯಲೆಂದು ದುಡ್ಡು ಕೊಟ್ಟು ನಾಳ ಕಟ್ಟಿಸಿಕೊಂಡರು. ಇಲ್ಲಿ ಅದನ್ನು ಮಾಡಿಸಿಕೊಂಡರೆ ಶಕ್ತಿ ಉಡುಗುತ್ತದೆ, ಹೊಲದ ಕೆಲಸ ಮಾಡಲಾಗದು ಎಂದು ಗಂಡಸರು ಹೆದರಿದರು. ತುರ್ತು ಪರಿಸ್ಥಿತಿಯ ದಿನಗಳ ಬಲವಂತ ಆ ಹೆದರಿಕೆಯನ್ನು ಇಮ್ಮಡಿಗೊಳಿಸಿತು. ವೀರ್ಯನಾಳ ಕಟ್ಟಿದ ಮಾತ್ರಕ್ಕೆ ಹಾರ್ಮೋನು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದರೂ ಆ ಭಯದ ಭಾರ ಹೆಂಗಸರ ಮೇಲೆ ಬಿದ್ದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಸುಮಾರು ಶೇ 38ರಷ್ಟು ಕಡೆ ಹೆಂಡತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದ್ದರೆ, ಗಂಡನಿಗೆ ಆಗಿರುವುದು ಶೇ 0.3ರಷ್ಟು ಕಡೆ ಮಾತ್ರ!

ಅದೇ ಕಾಲಕ್ಕೆ ಪ್ಯಾರಿಸ್‌ನಲ್ಲಿ ವೊರೊನಾಫ್ ಕೋತಿಗಳ ವೃಷಣದ ಚೂರುಗಳನ್ನು ಗಂಡಸರಿಗೆ ಕಸಿ ಮಾಡುತ್ತಿದ್ದ. ಅಮೆರಿಕದ ಕಾನ್ಸಾಸ್‌ನಲ್ಲಿ ಬ್ರಿಂಕ್ಲಿ ಎಂಬ ನಕಲಿ ಪಂಡಿತ ಹೋತದ ಗ್ರಂಥಿಗಳಿಂದ ಐಶ್ವರ್ಯವಂತನಾಗಿ, 1930ರಲ್ಲಿ ಪರವಾನಗಿ ಕಳೆದುಕೊಂಡ.

ಅಸಲಿ ವಸ್ತು ಸಿಕ್ಕಿದ್ದು 1935ರಲ್ಲಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಲಾಕೆರ್ ತಂಡ ಹೋರಿಗಳ ಸುಮಾರು 100 ಕಿಲೋ ವೃಷಣದಿಂದ 10 ಮಿಲಿಗ್ರಾಂ ಹಾರ್ಮೋನು ಬೇರ್ಪಡಿಸಿ, ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬ್ಯುಟೆನಾಂಟ್ ಮತ್ತು ರುಜಿಚ್ಕಾ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು. ಆದರೆ ಪ್ರಶಸ್ತಿ ಪಡೆಯಲು ಬ್ಯುಟೆನಾಂಟ್‌ನನ್ನು ಹಿಟ್ಲರನ ಸರ್ಕಾರ ಬಿಡಲಿಲ್ಲ.

ಹೀಗೆ ಮದ್ದು ಕೈಗೆ ಬಂತು, ಇನ್ನು ಕಾಯಿಲೆ ಯಾರಿಗಿದೆ ಎಂದು ಗೊತ್ತಾಗಬೇಕಿತ್ತು. 1944ರಲ್ಲಿ ಅಮೆರಿಕದ ವೈದ್ಯರಾದ ಹೆಲ್ಲರ್ ಮತ್ತು ಮೈಯರ್ಸ್, ದಣಿವು, ಸಿಡುಕು, ನಿರಾಸಕ್ತಿ ಎಂದು ಬಂದ ಗಂಡಸರನ್ನು ಮೂತ್ರಪರೀಕ್ಷೆಯ ನೆರವಿನಿಂದ ವಿಂಗಡಿಸಿದರು. ವೃಷಣಗಳು ನಿಜವಾಗಿ ಸೋತಿದ್ದವರು ಟೆಸ್ಟೋಸ್ಟೆರಾನ್‌ನಿಂದ ಚೇತರಿಸಿಕೊಂಡರು. ಉಳಿದವರ ತೊಂದರೆಯ ಮೂಲ ಬೇರೆ ಕಡೆ ಇತ್ತು, ಅವರಿಗೆ ಅದು ನಾಟಲಿಲ್ಲ.

ಈ ವಿಂಗಡಣೆ ಇಂದಿಗೂ ಮುಖ್ಯ. ಹೆಂಗಸರಲ್ಲಿ ಮುಟ್ಟು ನಿಲ್ಲುವಾಗ ಹಾರ್ಮೋನು ಕೆಲವೇ ವರ್ಷಗಳಲ್ಲಿ ಕುಸಿಯುತ್ತದೆ. ಗಂಡಸರಲ್ಲಿ ಅಂಥ ಕುಸಿತವಿಲ್ಲ. ನಲವತ್ತರ ಆಸುಪಾಸಿನಿಂದ ವರ್ಷಕ್ಕೆ ಸುಮಾರು ಶೇ 1ರಂತೆ ಇಳಿಯುತ್ತಾ ಹೋಗುತ್ತದೆ, ಅಷ್ಟೆ. ಆದ್ದರಿಂದ 'ಗಂಡಸರ ಋತುಬಂಧ' ಎಂಬ ಮಾತು ಕೇಳಲು ಚೆಂದವಾದರೂ ಸರಿಯಲ್ಲ. ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವಯಸ್ಸಿನ 3,369 ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣಗಳೂ ಹಾರ್ಮೋನಿನ ಕೊರತೆಯೂ ಒಟ್ಟಿಗೆ ಕಂಡದ್ದು ಶೇ 2.1ರಷ್ಟು ಜನರಲ್ಲಿ. ಆ ಕೆಲವರಿಗೆ ಚಿಕಿತ್ಸೆ ಬೇಕೇ ಬೇಕು. 'ವಯಸ್ಸಾಯಿತು ಬಿಡಿ' ಎಂದು ಅವರನ್ನು ಮನೆಗೆ ಕಳಿಸುವುದೂ ತಪ್ಪೇ.

ಉಳಿದವರ ಸುಸ್ತಿನ ಹಿಂದೆ ಸಕ್ಕರೆ ಕಾಯಿಲೆ, ಥೈರಾಯ್ಡ್, ಖಿನ್ನತೆ, ಕುಡಿತ, ಕೆಟ್ಟ ನಿದ್ದೆ ಇದ್ದೀತು. ಬೊಜ್ಜು ಸ್ವತಃ ಟೆಸ್ಟೋಸ್ಟೆರಾನ್ ಇಳಿಸುತ್ತದೆ, ತೂಕ ಇಳಿದರೆ ಹಾರ್ಮೋನು ಏರುತ್ತದೆ. ಬೆಳಿಗ್ಗೆ ಅದರ ಪ್ರಮಾಣ ಹೆಚ್ಚಿರುವುದರಿಂದ ಸಂಜೆ ರಕ್ತ ಕೊಟ್ಟು ಬಂದ ಒಂದೇ ವರದಿ ಹಿಡಿದು ಗಾಬರಿಯಾಗಬೇಕಿಲ್ಲ. ಬೆಳಗಿನ ಹೊತ್ತು ಎರಡು ಬಾರಿ ಪರೀಕ್ಷಿಸಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಬರೀ ವಯಸ್ಸಿನ ಕಾರಣಕ್ಕೆ ಈ ಔಷಧಿಗೆ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಸಿತು. ಇನ್ನೂ ಮಗು ಬೇಕೆಂದಿರುವ ಗಂಡಸರು ಒಂದು ಸಂಗತಿ ತಿಳಿದಿರಬೇಕು: ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದಾಗ ಮಿದುಳು ವೃಷಣಗಳಿಗೆ ಸೂಚನೆ ಕಳಿಸುವುದನ್ನು ಕಡಿಮೆ ಮಾಡುತ್ತದೆ, ಆಗ ವೀರ್ಯಾಣುಗಳ ಉತ್ಪತ್ತಿ ನಿಂತೇ ಹೋಗಬಹುದು.