ತಾಮ್ರಪಟದಲ್ಲಿ ಉಳಿದ ತೆಲುಗು ಸಂಕೀರ್ತನೆ

ತೆಲುಗು ಸಂಕೀರ್ತನೆಗೆ ನಿಶ್ಚಿತ ರೂಪ ಕೊಟ್ಟವನು ಕಡಪ ಸೀಮೆಯ ತಾಳ್ಳಪಾಕದ ಅನ್ನಮಾಚಾರ್ಯ (1408–1503). ಪಲ್ಲವಿ, ಚರಣಗಳ ಕಟ್ಟಿನಲ್ಲಿ ತಿರುಮಲೆಯ ವೆಂಕಟೇಶ್ವರನನ್ನು ಹಾಡಿದ ಆತ ಮೂವತ್ತೆರಡು ಸಾವಿರ ಪದಗಳನ್ನು ರಚಿಸಿದನೆಂಬುದು ಸಂಪ್ರದಾಯದ ಮಾತು. ಉಳಿದಿರುವವು ಅದರ ಅರ್ಧಕ್ಕೂ ಕಡಿಮೆ. ಅಧ್ಯಾತ್ಮ, ಶೃಂಗಾರ ಎಂಬ ಎರಡು ಬಗೆಯ ಈ ಪದಗಳಲ್ಲಿ ಜೋಗುಳ, ಸುವ್ವಿ, ಬೀಸುವ ಕಲ್ಲಿನ ಹಾಡುಗಳ ಜಾನಪದ ಮಟ್ಟುಗಳೂ ಸೇರಿವೆ. ಈ ಪದಗಳ ನಿಜವಾದ ಜೀವಾಳ ಜನರ ಆಡುನುಡಿಯೇ. ಆತನ ಹೆಂಡತಿ ತಿಮ್ಮಕ್ಕ ‘ಸುಭದ್ರಾ ಕಲ್ಯಾಣಮು’ ಬರೆದ ಕವಯಿತ್ರಿ.

ಮಗ ಪೆದ ತಿರುಮಲಾಚಾರ್ಯನ ಕಾಲದಲ್ಲಿ ಪದಗಳನ್ನು ತಾಮ್ರದ ತಗಡುಗಳ ಮೇಲೆ ಕೊರೆಸಿ ತಿರುಮಲೆಯ ಗುಡಿಯ ಸಂಕೀರ್ತನ ಭಂಡಾರದಲ್ಲಿ ಇರಿಸಲಾಯಿತು. ಶತಮಾನಗಟ್ಟಲೆ ಅವು ಅಲ್ಲೇ ಮರೆತುಹೋಗಿದ್ದವು. ತಗಡುಗಳಲ್ಲಿ ರಾಗದ ಹೆಸರಿದ್ದರೂ ಸ್ವರಲಿಪಿ ಇಲ್ಲ, ಹಾಗಾಗಿ ಮೂಲ ಧಾಟಿ ಕಳೆದುಹೋಯಿತು. ಇದು ದೊಡ್ಡ ನಷ್ಟ. ಇಪ್ಪತ್ತನೆಯ ಶತಮಾನದಲ್ಲಿ ವೇಟೂರಿ ಪ್ರಭಾಕರ ಶಾಸ್ತ್ರಿಗಳು ಸಂಪಾದನೆಗೆ ತೊಡಗಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದ್ದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಆ ಕೆಲಸವನ್ನು ಮುಂದುವರಿಸಿ, ಅನೇಕ ಪದಗಳಿಗೆ ಹೊಸದಾಗಿ ರಾಗ ಸಂಯೋಜಿಸಿದರು.

ನಡುವಿನ ಕಾಲದಲ್ಲಿ, ಹದಿನೇಳನೆಯ ಶತಮಾನದಲ್ಲಿ, ಕ್ಷೇತ್ರಯ್ಯ ಶೃಂಗಾರ ಪದಗಳನ್ನೂ ಭದ್ರಾಚಲದ ರಾಮದಾಸ ಭಕ್ತಿಕೀರ್ತನೆಗಳನ್ನೂ ಬೆಳೆಸಿದರು. ತ್ಯಾಗರಾಜರ (1767–1847) ಕೃತಿಗಳು ತಮಿಳು ನೆಲದ ತಿರುವೈಯಾರಿನಲ್ಲಿ ಹುಟ್ಟಿದರೂ ಅವುಗಳ ಭಾಷೆ ಬಹುಪಾಲು ತೆಲುಗೇ.