ಈಥರ್ನೆಟ್ ಸ್ವಿಚ್: ದೋಷ ಪತ್ತೆಯ ಇತಿಹಾಸ

ಕಚೇರಿಯ ಕಂಪ್ಯೂಟರುಗಳನ್ನು ಬೆಸೆದು, ಬಂದ ಮಾಹಿತಿಯನ್ನು ಸೇರಬೇಕಾದ ಪೋರ್ಟಿಗಷ್ಟೇ ದಾಟಿಸುವ ಸಾಧನ ಸ್ವಿಚ್. ಅದು ಬಂದ ಮೇಲೆ ಜಾಲದ ವೇಗವೇನೋ ಹೆಚ್ಚಿತು. ಕೆಟ್ಟಾಗ ತಪ್ಪು ಹುಡುಕುವುದು ಮಾತ್ರ ಕಷ್ಟವಾಯಿತು.

1973ರಲ್ಲಿ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಹುಟ್ಟಿದ ಈಥರ್ನೆಟ್‌ನಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್. ಮುಂದೆ ಬಂದ ಹಬ್ ಕೂಡ ಒಬ್ಬರ ಮಾತನ್ನು ಎಲ್ಲರಿಗೂ ಕೇಳಿಸುತ್ತಿತ್ತು. ಹಾಗಾಗಿ ಯಾವ ಪೋರ್ಟಿಗೆ ಸಂಚಾರ ಓದುವ ವಿಶ್ಲೇಷಕ ಸಿಕ್ಕಿಸಿದರೂ ಪೂರ್ತಿ ಸಂಚಾರ ಕಾಣುತ್ತಿತ್ತು. 1990ರಲ್ಲಿ ಕ್ಯಾಲಿಫೋರ್ನಿಯದ ಕಲ್ಪನಾ ಕಂಪನಿ ಏಳು ಪೋರ್ಟುಗಳ ಈಥರ್‌ಸ್ವಿಚ್ ತಂದಿತು. ಸ್ಥಾಪಕರಲ್ಲೊಬ್ಬರಾದ ವಿನೋದ್ ಭಾರದ್ವಾಜ್ ಕಂಪನಿಗೆ ಇಟ್ಟದ್ದು ಹೆಂಡತಿಯ ಹೆಸರು. 1994ರಲ್ಲಿ ಜಾಲ ಸಾಧನಗಳ ಕಂಪನಿ ಸಿಸ್ಕೊ ಅದನ್ನು ಕೊಂಡಿತು.

ಸ್ವಿಚ್ ಯಾರನ್ನೂ ವಿಚಾರಿಸುವುದಿಲ್ಲ. ಬಂದ ಫ್ರೇಮಿನಲ್ಲಿ (ಮಾಹಿತಿಯ ಕಂತೆಯಲ್ಲಿ) ಕಳುಹಿಸಿದ ಯಂತ್ರದ ಮ್ಯಾಕ್ ವಿಳಾಸ, ಅಂದರೆ ಅದರ ಜಾಲ ಕಾರ್ಡಿನ ಗುರುತು, ನೋಡಿ, ಅದು ಯಾವ ಪೋರ್ಟಿನಲ್ಲಿದೆ ಎಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ವಿಳಾಸಕ್ಕೆ ಹೊರಟದ್ದನ್ನು, ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಕಳಿಸುತ್ತದೆ. ಸಾಮಾನ್ಯವಾಗಿ 300 ಸೆಕೆಂಡು ಸದ್ದಿಲ್ಲದ ಯಂತ್ರದ ವಿಳಾಸ ಪಟ್ಟಿಯಿಂದ ಅಳಿಯುತ್ತದೆ. ಜಾಲಗಳನ್ನು ಬೆಸೆಯುವ ಸಿಸ್ಕೊ ರೂಟರಿನ ಎಆರ್‌ಪಿ ನೆನಪು, ಅಂದರೆ ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ ಎಂಬ ಪಟ್ಟಿ, ಮಾತ್ರ ಸಾಮಾನ್ಯವಾಗಿ ನಾಲ್ಕು ಗಂಟೆಯದು. ಈ ಅಂತರದಲ್ಲೇ ಒಂದು ಹಳೆಯ ಕಾಟ ಅಡಗಿದೆ: ರೂಟರ್ ವಿಳಾಸ ಗೊತ್ತೆಂದು ಕಳಿಸುತ್ತದೆ, ಮರೆತ ಸ್ವಿಚ್ ಊರಿಗೆಲ್ಲ ಹಂಚುತ್ತದೆ, ದೂರು ಬರುವುದು ‘ನೆಟ್ ಸ್ಲೋ’ ಎಂದಷ್ಟೇ. ಒಂದೇ ವಿಳಾಸ ಎರಡು ಪೋರ್ಟುಗಳ ನಡುವೆ ಜಿಗಿದಾಡಿದರೆ ಕೇಬಲ್ ಎಲ್ಲೋ ಸುತ್ತು ಹಾಕಿಕೊಂಡಿದೆ ಎಂಬ ಗುಮಾನಿ ಹುಟ್ಟಬೇಕು. ಇಂಥ ಸುತ್ತುಗಳನ್ನು ತಡೆಯುವ ಸ್ಪ್ಯಾನಿಂಗ್ ಟ್ರೀಯನ್ನು ರೇಡಿಯಾ ಪರ್ಲ್‌ಮನ್ 1985ರಲ್ಲೇ ಕೊಟ್ಟಿದ್ದರು. ಸ್ವಿಚ್ ಬಂದ ಮೇಲೆ ತನ್ನ ಪೋರ್ಟಿನಾಚೆ ಏನೂ ಕಾಣದಾಗಿದ್ದ ವಿಶ್ಲೇಷಕಕ್ಕೆ ಮತ್ತೆ ಕಣ್ಣು ಬಂದದ್ದು ಪೋರ್ಟಿನ ಸಂಚಾರವನ್ನು ನಕಲು ಮಾಡಿ ಇನ್ನೊಂದಕ್ಕೆ ಕೊಡುವ ಮಿರರಿಂಗ್‌ನಿಂದ.

ಈ ದೋಷ ಪತ್ತೆ ಮುಂದೆ ತರಗತಿಯ ಪಾಠವೂ ಆಯಿತು. ಹೈದರಾಬಾದಿನಲ್ಲಿ ಐಟಿ ಕಟ್ಟಡ ಸೈಬರ್ ಟವರ್ಸ್ ತೆರೆದ 1998ರಲ್ಲೇ ಸಿಸ್ಕೊ, ಜಾಲ ತಂತ್ರಜ್ಞರಿಗೆ ಪ್ರಮಾಣಪತ್ರ ಕೊಡುವ ಸಿಸಿಎನ್‌ಎ ಪರೀಕ್ಷೆ ಆರಂಭಿಸಿತು. ನಗರದ ಅಮೀರ್‌ಪೇಟೆಯಲ್ಲಿ, ಮೈತ್ರಿವನಂ ಸುತ್ತಮುತ್ತ ಬೆಳೆದ ಕೋಚಿಂಗ್ ಸಂಸ್ಥೆಗಳಿಗೆ ಇದು ಹಸನಾದ ಸರಕು. ಬೀದರ್, ರಾಯಚೂರಿನವರಿಗೆ ಈ ಪೇಟೆ ಬೆಂಗಳೂರಿಗಿಂತ ಹತ್ತಿರ. ಪಾಠ ಹೆಚ್ಚಾಗಿ ಒಂದೇ ದಾರಿಯದು: ‘ಶೋ ಮ್ಯಾಕ್ ಅಡ್ರೆಸ್-ಟೇಬಲ್’ ಎಂದು ಕೇಳಿ, ವಿಳಾಸ ತೋರಿದ ಪೋರ್ಟಿನ ಬೆನ್ನುಹತ್ತಿ ಮುಂದಿನ ಸ್ವಿಚ್‌ಗೆ ಹೋಗಿ, ಯಂತ್ರ ಸಿಗುವವರೆಗೂ ಅದನ್ನೇ ಮಾಡುವುದು. ಕೇಬಲಿನ ಒಂದು ತುದಿ ಆಟೊ (ತಾನೇ ಹೊಂದಿಸಿಕೊಳ್ಳುವ ರೀತಿ), ಇನ್ನೊಂದು ತುದಿ ಫುಲ್ ಡ್ಯುಪ್ಲೆಕ್ಸ್ (ಏಕಕಾಲಕ್ಕೆ ಕಳಿಸಿ ಪಡೆಯುವ ರೀತಿ) ಎಂದು ಕಟ್ಟಿಟ್ಟಲ್ಲಿ ಈ ದಾರಿ ಕೈಕೊಡುತ್ತದೆ. ಆಗ ಪಟ್ಟಿ ಸರಿಯಿರುತ್ತದೆ, ಪಿಂಗ್ ಎಂಬ ಚಿಕ್ಕ ಪರೀಕ್ಷಾ ಸಂದೇಶ ಹೋಗುತ್ತದೆ, ದೊಡ್ಡ ಕಡತ ಮಾತ್ರ ತೆವಳುತ್ತದೆ. ಪೋರ್ಟಿನ ದೋಷಗಳ ಲೆಕ್ಕ ನೋಡಿದವರಿಗಷ್ಟೇ ಕಾರಣ ಸಿಗುತ್ತದೆ.